ಶ್ರಾವಣಕ್ಕೆ ಮುನ್ನ, ಎಂಟು ಪದಗಳೊಂದಿಗೆ

ಬರುವ ಶ್ರಾವಣದ ಮೊದಲ ಶುಕ್ರವಾರ ನನ್ನ ಮೊದಲ ಆಲ್ಬಮ್ ಬಿಡುಗಡೆಯಾಗಲಿದೆ. ಅದರಲ್ಲಿ ಶಿಶುನಾಳ ಶರೀಫರ ನಾಲ್ಕು ತತ್ವಪದಗಳು, ಎರಡು ವಚನಗಳು ಮತ್ತು ನಾನೇ ಬರೆದ ಎರಡು ಪದಗಳು ಸೇರಿ ಒಟ್ಟು ಎಂಟು ಹಾಡುಗಳಿವೆ. ಇದರ ಹಿಂದೆ ಕ್ಯಾಸೆಟ್ ಕಂಪನಿಯಾಗಲಿ ಪ್ರಾಯೋಜಕರಾಗಲಿ ಇಲ್ಲ. ಹಣ ನನ್ನ ಸಂಬಳದಲ್ಲಿ ಉಳಿಸಿದ್ದು. ಹಾಡಿದವರು ಕುಂದಗೋಳ ತಾಲ್ಲೂಕಿನಲ್ಲಿರುವ ನನ್ನ ತವರೂರಿನ ಭಜನಾ ಮೇಳದವರು ಮತ್ತು ನಾನು. ಮುದ್ರಿಸಿದ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ನಡೆದದ್ದು ಧಾರವಾಡದ ಮನೆಯಲ್ಲಿ, ಹಗಲು ಕಾಲೇಜಿನ ಕೆಲಸಕ್ಕೆ ಬಳಕೆಯಾಗುವ ಅದೇ ಲ್ಯಾಪ್‌ಟಾಪ್‌ನಲ್ಲಿ. ಈ ಸುದ್ದಿ ತಿಳಿದ ಕಿರಿಯ ಗೆಳೆಯರು ಮೊದಲು ಕೇಳುವುದು ಯಾವ ಮೈಕು, ಯಾವ ಸಾಫ್ಟ್‌ವೇರು ಎಂದು. ಆ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ, ಒಂದೆರಡು ದಿನ ಅಂಗಡಿ ತಿರುಗಿ ವಿಚಾರಿಸಿದರೆ ಯಾರಿಗಾದರೂ ತಿಳಿಯುತ್ತದೆ. ನನ್ನನ್ನು ಬಹಳ ಕಾಲ ಕಾಡಿದ್ದು ಬೇರೆ ಸಂಗತಿಗಳು: ಯಾವುದನ್ನು ತಿದ್ದದೆ ಹಾಗೆಯೇ ಬಿಡಬೇಕು, ಹಾಡು ಎಷ್ಟು ಉದ್ದವಿರಬೇಕು, ಯಾರ ಹೆಸರು ಎಲ್ಲಿ ಬರಬೇಕು. ಕಂಪನಿಗೆ ಹಾಡುವಾಗ ಇವನ್ನೆಲ್ಲ ಗಾಜಿನ ಆಚೆ ಕುಳಿತ ಯಾರೋ ನಿರ್ಧರಿಸಿಬಿಡುತ್ತಾರೆ. ಸ್ವಂತ ನಿರ್ಮಾಣದಲ್ಲಿ ಅವೆಲ್ಲ ಹಾಡುವವರ ತಲೆಗೇ ಬರುತ್ತವೆ, ಮತ್ತು ಪ್ರತಿಯೊಂದು ತೀರ್ಮಾನವೂ ಕೊನೆಗೆ ಹಾಡಿನಲ್ಲಿ ಕೇಳಿಸುತ್ತದೆ.

ಮೊದಲು ಕೋಣೆಯ ವಿಚಾರ. ಧಾರವಾಡದಲ್ಲಿ ನಾನಿರುವುದು ಆರ್‌ಸಿಸಿ ಮನೆ. ನುಣುಪಾದ ಗೋಡೆ, ಕೆಳಗೆ ಟೈಲ್ಸ್; ಒಂದು ಚಪ್ಪಾಳೆ ತಟ್ಟಿದರೆ ಸದ್ದು ಎದುರುಬದುರಾದ ಗೋಡೆಗಳ ನಡುವೆ ಟರ್ ಎಂದು ಓಡಾಡಿ ನಿಧಾನವಾಗಿ ಅಡಗುತ್ತದೆ. ಒಬ್ಬಳೇ ಹಾಡುವುದಾದರೆ ಇದಕ್ಕೆ ಮನೆಮದ್ದು ಉಂಟು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿಗಳನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಮುಂದಕ್ಕೆ ಇಳಿಬಿಟ್ಟು, ಮೂಲೆಗಳಲ್ಲಿ ಹತ್ತಿಯ ಗಾದಿಗಳನ್ನು ನಿಲ್ಲಿಸಿದರೆ, ಪೇಟೆಯಲ್ಲಿ ಮಾರುವ ತೆಳುವಾದ ಫೋಮ್ ಹಾಳೆಗಳಿಗಿಂತ ಚೆನ್ನಾಗಿಯೇ ಕೆಲಸ ನಡೆಯುತ್ತದೆ. ತೆಳು ಫೋಮ್ ಹೀರುವುದು ತೀಕ್ಷ್ಣ ಸದ್ದನ್ನು ಮಾತ್ರ. ದಪ್ಪ ಸ್ವರಗಳನ್ನು ತಡೆಯಲು ಭಾರವೂ ಗೋಡೆಯಿಂದ ಅಂತರವೂ ಬೇಕು. ನನ್ನ ಎರಡು ಸ್ವಂತ ಪದಗಳ ಗಾಯನವನ್ನು ಹೀಗೆಯೇ ಕೌದಿಗಳ ನಡುವೆ ಕುಳಿತು ಮುದ್ರಿಸಿಕೊಂಡೆ.

ಆದರೆ ಒಂದು ಇಡೀ ಮೇಳವನ್ನು, ಪೇಟಿ (ಹಾರ್ಮೋನಿಯಂ), ತಬಲಾ, ತಾಳ, ದಮ್ಮಡಿ, ಏಕತಾರಿಗಳ ಸಹಿತ ಆ ಕೋಣೆಯಲ್ಲಿ ಕೂರಿಸುವಂತಿರಲಿಲ್ಲ. ಹಾಗಾಗಿ ಉಳಿದ ಆರನ್ನೂ ಊರಿನಲ್ಲಿ ನಮ್ಮ ಕಾಕಾ ಅವರ ಹಳೆಯ ಮಾಳಿಗೆ ಮನೆಯ ಪಡಸಾಲೆಯಲ್ಲಿ ಮುದ್ರಿಸುವುದೆಂದು ತೀರ್ಮಾನಿಸಿದೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ, ಸಾರಿಸಿದ ನೆಲ, ಒಂದು ಬದಿಗೆ ಆಳೆತ್ತರ ಒಟ್ಟಿದ ಜೋಳದ ಚೀಲಗಳು. ಉಬ್ಬುತಗ್ಗಿನ ಮಣ್ಣಿನ ಗೋಡೆ ಸದ್ದನ್ನು ಒಂದೇ ದಿಕ್ಕಿಗೆ ಮರಳಿಸದೆ ಚದುರಿಸುತ್ತದೆ, ಚೀಲಗಳು ಹೀರುತ್ತವೆ, ಮೇಲಿನ ಮಣ್ಣು ಹೊರಗಿನ ಗದ್ದಲವನ್ನು ಒಳಗೆ ಬಿಡುವುದಿಲ್ಲ. ಅಲ್ಲಿ ಹಾಡಿದ ದನಿಗೆ ಮರುದನಿ ಇರುವುದಿಲ್ಲ, ಹಾಗೆಂದು ಅದು ಬಡಕಲಾಗಿಯೂ ಕೇಳುವುದಿಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟುವ ಸ್ಟುಡಿಯೋಗಳು ಹುಡುಕುವುದು ಬಹುಮಟ್ಟಿಗೆ ಇದೇ ಗುಣವನ್ನು. ಇಂಥ ಮನೆಗಳನ್ನು ಒಂದೊಂದಾಗಿ ಕೆಡವಿ ನಾವು ಸ್ಲ್ಯಾಬ್ ಹಾಕಿಸಿಕೊಳ್ಳುತ್ತಿದ್ದೇವೆ ಎಂಬ ಬೇಸರವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಮೇಳದವರು ವಾಡಿಕೆಯಂತೆ ಅರ್ಧಚಂದ್ರಾಕಾರವಾಗಿ ಕುಳಿತರು. ನಡುವೆ ಎರಡು ಕಂಡೆನ್ಸರ್ ಮೈಕ್‌ಗಳನ್ನು 17 ಸೆಂಟಿಮೀಟರ್ ಅಂತರದಲ್ಲಿ, ಪರಸ್ಪರ 110 ಡಿಗ್ರಿ ಕೋನದಲ್ಲಿ ನಿಲ್ಲಿಸಿದೆ. ಫ್ರಾನ್ಸಿನ ರೇಡಿಯೋದವರು ರೂಪಿಸಿದ ಈ ಕ್ರಮದಲ್ಲಿ, ಎಡಬಲದ ಕಿವಿಗಳಿಗೆ ಸದ್ದು ಬಂದು ಮುಟ್ಟುವ ಬಗೆಯೇ ಸುಮಾರಾಗಿ ಮೈಕಿಗೂ ಒದಗುತ್ತದೆ. ಇವಲ್ಲದೆ ಮುಂದಾಗಿ ಹಾಡುವವರ ದನಿಗೆ ಒಂದು, ತಬಲಾ ಜೋಡಿಯಲ್ಲಿ ದಪ್ಪ ಸದ್ದಿನ ಡಗ್ಗಾಕ್ಕೆ ಒಂದು ಮೈಕು. ಎಲ್ಲರೂ ಒಂದೇ ಪಡಸಾಲೆಯಲ್ಲಿ ಒಮ್ಮೆಗೇ ಹಾಡುವುದರಿಂದ ಪ್ರತಿ ಮೈಕಿನೊಳಗೂ ಎಲ್ಲರ ಸದ್ದು ಸೇರಿರುತ್ತದೆ. ಆಮೇಲೆ ಒಬ್ಬರ ದನಿಯನ್ನಷ್ಟೇ ಎತ್ತಿ ತಿದ್ದುವುದು ಸಾಧ್ಯವಿಲ್ಲ. ಒಂದು ಸಲದ ಹಾಡಿಕೆ ಇಡಿಯಾಗಿ ಚೆನ್ನಾಗಿರಬೇಕು, ಇಲ್ಲವೇ ಇಡಿಯಾಗಿ ಇನ್ನೊಮ್ಮೆ ಹಾಡಬೇಕು. ಬೇರೆ ಬೇರೆ ಸಲದ ತುಣುಕುಗಳನ್ನು ಜೋಡಿಸುವುದಕ್ಕೂ ಒಂದು ಅಡ್ಡಿಯಿತ್ತು. ಮಳೆಗಾಲದ ಥಂಡಿಗೆ ದಮ್ಮಡಿಯ ಚರ್ಮ ಸಡಿಲಾಗುತ್ತಲೇ ಇರುತ್ತದೆ. ಎರಡು ಹಾಡುಗಳ ನಡುವೆ ಅಂಗಳದಲ್ಲಿ ಹುಲ್ಲು ಉರಿಸಿ ಅದನ್ನು ಕಾಯಿಸಿ ತರುತ್ತಾರೆ. ಕಾಯಿಸಿದ ಹೊಸದರಲ್ಲಿ ಟಣ್ ಎನ್ನುವ ಚರ್ಮ ಹಾಡಿನ ಕೊನೆಗೆ ಡಪ್ ಎನ್ನುತ್ತದೆ. ಮೊದಲ ಸಲದ ಪಲ್ಲವಿಗೆ ಮೂರನೆಯ ಸಲದ ಕೊನೆಯ ನುಡಿಯನ್ನು ಅಂಟಿಸಿದರೆ ಸಂಗೀತ ತಿಳಿಯದವರಿಗೂ ಆ ಬೆಸುಗೆ ಗೊತ್ತಾಗುತ್ತದೆ. ಆದ್ದರಿಂದ ಮೇಳದ ಆರೂ ಹಾಡುಗಳು ಬೆಸುಗೆಯಿಲ್ಲದೆ ಇದ್ದಂತೆ ಇವೆ. ಒಂದರ ಕೊನೆಯಲ್ಲಿ ಪಕ್ಕದ ಮನೆಯ ತಗಡಿನ ಮೇಲೆ ಮಳೆ ಹನಿಯುವ ಸಪ್ಪಳವೂ ಇದೆ. ಅದನ್ನು ತೆಗೆಯುವ ಸಾಫ್ಟ್‌ವೇರು ತಾಳದ ಗುಂಗನ್ನೂ ಜೊತೆಗೇ ಒರೆಸಿಬಿಡುವುದರಿಂದ ಅದಕ್ಕೆ ಕೈ ಹಚ್ಚಲಿಲ್ಲ.

ಲಯದ ವಿಚಾರದಲ್ಲಿ ಚರ್ಚೆ ಹೆಚ್ಚೇ ನಡೆಯಿತು. ಇಂದಿನ ಧ್ವನಿಮುದ್ರಣದಲ್ಲಿ ಹಾಡುವವರ ಕಿವಿಗೆ ಗಡಿಯಾರದಂತೆ ಟಿಕ್ ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕ್ ಕೊಡುವುದು ವಾಡಿಕೆ. ಎಲ್ಲರೂ ಅದೇ ಲಯಕ್ಕೆ ಹಾಡಿದರೆ ಆಮೇಲೆ ಕತ್ತರಿಸಿ ಜೋಡಿಸುವುದು, ಬೇರೆ ವಾದ್ಯ ಸೇರಿಸುವುದು ಸಲೀಸು. ಆದರೆ ಭಜನಾ ಮೇಳದ ತತ್ವಪದ ಒಂದೇ ಲಯದಲ್ಲಿ ನಡೆಯುವುದಿಲ್ಲ. ನಿಮಿಷಕ್ಕೆ 80 ಮಾತ್ರೆಯ ಆಸುಪಾಸಿನಲ್ಲಿ ಹೊರಟ ಪದ, ಪ್ರತಿ ನುಡಿಯ ಬಳಿಕ ಪಲ್ಲವಿಗೆ ಮರಳಿದಾಗಲೆಲ್ಲ ಒಂದಿಷ್ಟು ಏರುತ್ತ, ಕೊನೆಯ ನುಡಿಗೆ 130ನ್ನು ದಾಟುತ್ತದೆ. ಮುಂದಿನವರು ಎತ್ತಿಕೊಟ್ಟದ್ದನ್ನು ಹಿಂದಿನವರು ಹಿಡಿಯುವ ಆತುರದಲ್ಲಿಯೇ ಆ ಏರಿಕೆ ಹುಟ್ಟುತ್ತದೆ. ಪೇಟಿ ನುಡಿಸುವ ಕಾಕಾ ಹೆಡ್‌ಫೋನ್ ಹಾಕಿಕೊಂಡು ಸ್ವಲ್ಪ ಹೊತ್ತು ಆ ಟಿಕ್ ಟಿಕ್ ಕೇಳಿ, ಅದನ್ನು ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಹೇಳಿದರು: "ಯವ್ವಾ, ಪದ ಏರಿದಾಗ ಇದು ಏರೂದಿಲ್ಲ. ನಾವು ಇದರ ಸಂಗಾಟ ಹಾಡೂದೋ, ಇದು ನಮ್ಮ ಸಂಗಾಟ ಹಾಡೂದೋ?" ಪದ ಏರಿದಂತೆ ಏರುವ ಕ್ಲಿಕ್ಕನ್ನು ಸಿದ್ಧಪಡಿಸಲು ರೀಪರ್‌ನಂಥ ಸಾಫ್ಟ್‌ವೇರಿನಲ್ಲಿ ಅವಕಾಶವಿದೆ. ಆದರೆ ಎಲ್ಲಿ ಎಷ್ಟು ಏರಬೇಕೆಂದು ಮೊದಲೇ ಬರೆದಿಡುವುದೆಂದರೆ ಮೇಳದವರ ಕಣ್ಸನ್ನೆಯ ಕೆಲಸವನ್ನು ನಾನು ಕಸಿದುಕೊಂಡಂತೆ. ಕ್ಲಿಕ್ ಬೇಡವೆಂದಾಯಿತು.

ಶ್ರುತಿಯದೂ ಇಂಥದೇ ಮಾತು. ಪೇಟಿಯ ಸ್ವರಗಳು ಸಪ್ತಕವನ್ನು 12 ಸಮಭಾಗ ಮಾಡಿದ ಲೆಕ್ಕದವು. ಅದರ ಶುದ್ಧ ಗಾಂಧಾರ, ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್, ಅಂದರೆ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಎತ್ತರದಲ್ಲಿದೆ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ನಿಷೇಧಿಸಿ ದಶಕಗಳ ಕಾಲ ಹೊರಗಿಟ್ಟದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಒಳ್ಳೆಯ ಹಾಡುಗಾರರು ತಂಬೂರಿಯ ಗಾಂಧಾರವನ್ನೇ ಹಿಡಿಯುತ್ತಾರೆ, ಪೇಟಿ ಅದರ ಬದಿಗೆ ತುಸು ಮೇಲೆ ನಿಂತಿರುತ್ತದೆ. ಎರಡರ ನಡುವಿನ ಆ ಸಣ್ಣ ತಿಕ್ಕಾಟ ನಮ್ಮ ಭಾಗದ ಭಜನೆಯ ನಾದದಲ್ಲಿ ಸೇರಿಹೋಗಿದೆ. ದನಿಯನ್ನು ಸ್ವರಕ್ಕೆ ತಂದು ಕೂರಿಸುವ ಸಾಫ್ಟ್‌ವೇರುಗಳ ಸಿದ್ಧ ಅಳತೆಯೂ ಪೇಟಿಯ ಅಳತೆಯೇ ಆದ್ದರಿಂದ ಅವು ಸರಿಯಾದ ಗಾಂಧಾರವನ್ನು ತಪ್ಪೆಂದು ತಿಳಿದು ಮೇಲಕ್ಕೆ ಎಳೆಯುತ್ತವೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರನ್ನು ಕೇಳುತ್ತ ಬೆಳೆದ ಊರಿನಲ್ಲಿ ಕುಳಿತು ಅಂಥ ಕೆಲಸ ಮಾಡಲು ಮನಸ್ಸಾಗಲಿಲ್ಲ. ನನ್ನ ದನಿಯೊಂದೇ ಇರುವ ಎರಡು ಪದಗಳಲ್ಲಿಯೂ ಅದನ್ನು ಬಳಸಿಲ್ಲ. ಮೊಬೈಲಿನ ತಂಬೂರಿ ಆ್ಯಪ್ ಬಿಟ್ಟು, ಮಿರಜಿನಿಂದ ತಂದ ತಂಬೂರಿಯನ್ನೇ ಇಡೀ ಹಾಡಿನುದ್ದಕ್ಕೂ ನುಡಿಸಿ ಮುದ್ರಿಸಿದ್ದಕ್ಕೆ ನಾದವೊಂದೇ ಕಾರಣವಲ್ಲ. ಸಿದ್ಧ ಧ್ವನಿಯ ತುಣುಕುಗಳನ್ನು ಬಳಸಿದ ಹಾಡುಗಳನ್ನು ಯೂಟ್ಯೂಬಿನ ಗುರುತಿಸುವ ಯಂತ್ರ ಬೇರೆಯವರ ಹಾಡೆಂದು ತಿಳಿದು ತಡೆಯುವುದುಂಟು. ಅದೇ ತುಣುಕು ನೂರಾರು ಜನರ ಹಾಡಿನಲ್ಲಿ ಇರುತ್ತದೆಯಲ್ಲ.

ಹಾಡಿನ ಉದ್ದ ನನಗೆ ಬಹಳ ಇಷ್ಟದ ವಿಷಯ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. 1930ರ ದಶಕದಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರು ಎಚ್‌ಎಂವಿಗೆ ಹಾಡಿದಾಗಲೂ ರಾಗವೊಂದನ್ನು ಆ 3 ನಿಮಿಷದೊಳಗೆ ತೋರಿಸಿ ಮುಗಿಸಬೇಕಿತ್ತು. 1948ರಲ್ಲಿ ಬಂದ ಲಾಂಗ್ ಪ್ಲೇ ತಟ್ಟೆ ಒಂದು ಬದಿಗೆ 20 ನಿಮಿಷಕ್ಕಿಂತ ಹೆಚ್ಚು ಜಾಗ ಕೊಟ್ಟಿತು, ಕ್ಯಾಸೆಟ್ ಅರ್ಧ ಗಂಟೆ ಕೊಟ್ಟಿತು. ಇಂದಿನ ಫೈಲಿಗೆ ಅಂಥ ಯಾವ ಗಡಿಯೂ ಇಲ್ಲ. ಆದರೂ ಹಾಡುಗಳು ಮತ್ತೆ 3 ನಿಮಿಷಕ್ಕೆ, ಅದಕ್ಕೂ ಕೆಳಗೆ ಇಳಿದಿವೆ. ಸ್ಪಾಟಿಫೈನಂಥ ವೇದಿಕೆಗಳಲ್ಲಿ ಹಾಡನ್ನು 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ, ಪೂರ್ತಿ ಕೇಳಿದರೂ ಅದೇ ಒಂದು ಎಣಿಕೆ. 2 ನಿಮಿಷದ ಹಾಡಿಗೆ ಸಿಕ್ಕಷ್ಟೇ ಹಣ 11 ನಿಮಿಷದ ತತ್ವಪದಕ್ಕೂ ಸಿಗುತ್ತದೆ. ಅದನ್ನು ನಾಲ್ಕು ತುಂಡು ಮಾಡಿ ನಾಲ್ಕು ಹಾಡೆಂದು ಹಾಕಿದರೆ ನಾಲ್ಕು ಪಾಲು ಬರುತ್ತದೆ ಎಂದು ಹಿತೈಷಿಗಳೊಬ್ಬರು ಲೆಕ್ಕ ಹೇಳಿಕೊಟ್ಟರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಲಯ ಏರುವ ಹಾಡನ್ನು ನಡುವೆ ತುಂಡರಿಸಿದರೆ ಏರಿಕೆಯೇ ಉಳಿಯುವುದಿಲ್ಲ; ಅಲ್ಲದೆ 2024ರಿಂದ ಸ್ಪಾಟಿಫೈ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಹಣವನ್ನೇ ಕೊಡುವುದಿಲ್ಲ. ಆ ಗಡಿಯನ್ನು ಒಂದು ಹಾಡು ದಾಟುವುದೇ ಕಷ್ಟವಿರುವಾಗ ನಾಲ್ಕು ದಾಟಲಿ ಎಂದು ಕಾಯುವುದು ಜಾಣತನವಲ್ಲ. ಉದ್ದದ ಪದಗಳು ಉದ್ದವಾಗಿಯೇ ಇವೆ.

ಮಿಕ್ಸಿಂಗ್ ಬಗ್ಗೆ ಎರಡು ಮಾತು ಸಾಕು. ಒಳ್ಳೆಯ ಹೆಡ್‌ಫೋನಿನಲ್ಲಿ ತುಂಬಿಕೊಂಡು ಕೇಳುವ ಡಗ್ಗಾ, ಮೊಬೈಲಿನ ಸ್ಪೀಕರಿನಲ್ಲಿ ಕಾಣೆಯಾಗುತ್ತದೆ, ಏಕೆಂದರೆ ಅಷ್ಟು ಚಿಕ್ಕ ಸ್ಪೀಕರು ಅಷ್ಟು ಕೆಳಗಿನ ಸದ್ದನ್ನು ಹೊರಡಿಸಲಾರದು. ನಮ್ಮ ಕೇಳುಗರಲ್ಲಿ ಬಹಳ ಜನ ಕೇಳುವುದು ಅದರಲ್ಲಿಯೇ. ಮೂಲ ಸ್ವರದ ಮೇಲಿನ ಉಪಸ್ವರಗಳಿಗೆ ತುಸು ಬಲ ಕೊಟ್ಟರೆ, ಇಲ್ಲದ ಮೂಲ ಸ್ವರವನ್ನು ಕಿವಿ ತಾನೇ ಊಹಿಸಿಕೊಳ್ಳುತ್ತದೆ. ಡಗ್ಗಾವನ್ನು ಹೀಗೆ ಮೊಬೈಲಿಗೆ ಮರಳಿ ತಂದೆ. ಪ್ರತಿ ಮಿಕ್ಸನ್ನು ಹೆಡ್‌ಫೋನಿನಲ್ಲಿ, ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು, ಮತ್ತು ಊರಿನಲ್ಲಿ ಸೋದರಮಾವನ ಮಗನ ಟ್ರ್ಯಾಕ್ಟರಿನ ಸ್ಪೀಕರ್ ಡಬ್ಬಗಳಲ್ಲಿ ಕೇಳಿ ನೋಡಿದ್ದೇನೆ. ಟ್ರ್ಯಾಕ್ಟರಿನಲ್ಲಿ ಇದೇ ಡಗ್ಗಾ ಮೈಮೇಲೆ ಬರುತ್ತದೆ. ಮೂರರಲ್ಲಿಯೂ ಮಾತು ಸ್ಪಷ್ಟವಾಗಿ ಕೇಳಿದರೆ ಮಿಕ್ಸ್ ಮುಗಿಯಿತೆಂದು ನನ್ನ ಲೆಕ್ಕ. ತತ್ವಪದದಲ್ಲಿ ಮಾತು ಕೇಳದಿದ್ದರೆ ಉಳಿದದ್ದಕ್ಕೆ ಅರ್ಥವಿಲ್ಲ.

ಹಾಡನ್ನು ಎಷ್ಟು ಜೋರಾಗಿ ಮಾಡಬೇಕು ಎಂಬ ಬಗ್ಗೆಯೂ ನಮ್ಮಲ್ಲಿ ಒಂದು ಹಳೆಯ ನಂಬಿಕೆ ಇದೆ. ಜೋರಿದ್ದಷ್ಟೂ ಒಳ್ಳೆಯದು, ಪಕ್ಕದ ಹಾಡಿಗಿಂತ ತನ್ನದು ಮೆತ್ತಗೆ ಕೇಳಬಾರದು ಎಂದು. ಕ್ಯಾಸೆಟ್, ಸಿಡಿಗಳ ಕಾಲದಲ್ಲಿ ಅದಕ್ಕೆ ಒಂದು ಅರ್ಥವಿತ್ತು. ಈಗ ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಎಂಬ ಮಟ್ಟಕ್ಕೆ ತಂದು ನುಡಿಸುತ್ತದೆ, ಆಪಲ್ ಮ್ಯೂಸಿಕ್ ಇನ್ನೂ ಎರಡು ಅಂಕ ಕೆಳಗೆ. ಹಿಂಡಿ ಹಿಂಡಿ ಮೈನಸ್ 8ಕ್ಕೆ ಏರಿಸಿ ಕಳಿಸಿದ ಹಾಡನ್ನು ವೇದಿಕೆಯೇ 6 ಡೆಸಿಬಲ್ ಇಳಿಸಿಬಿಡುತ್ತದೆ. ಜೋರು ಹೋಗುತ್ತದೆ, ಹಿಂಡಿದ ಗುರುತು ಉಳಿಯುತ್ತದೆ. ಏಕತಾರಿಯೊಂದರಿಂದ ಮೆಲ್ಲಗೆ ಹೊರಟು, ಎಲ್ಲ ವಾದ್ಯಗಳ ಅಬ್ಬರದಲ್ಲಿ ಮುಗಿಯುವ ಪದಕ್ಕೆ ಆ ಏರಿಳಿತವೇ ಮುಖ್ಯವಾದ್ದರಿಂದ ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದ ಮಾಡಿಕೊಟ್ಟ ಹುಬ್ಬಳ್ಳಿಯ ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ಶುರುವಿನ ಏಕತಾರಿಯನ್ನು ಎತ್ತಬೇಡ.

ಇನ್ನು ಹೆಸರುಗಳ ವಿಚಾರ. ವಿತರಕರ ಜಾಲತಾಣದಲ್ಲಿ ಪ್ರತಿ ಹಾಡಿಗೂ ಒಂದು ಅರ್ಜಿ ತುಂಬಬೇಕು: ಹಾಡಿದವರು, ಸಾಹಿತ್ಯ, ಸಂಗೀತ, ವಾದ್ಯ, ನಿರ್ಮಾಪಕರು, ಹಕ್ಕುದಾರರು. 1902ರಲ್ಲಿ ಗಾಯಕಿ ಗೌಹರ್ ಜಾನ್ ಕಲಕತ್ತೆಯಲ್ಲಿ ತಟ್ಟೆಗೆ ಹಾಡಿದಾಗ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದ್ದರು; ಜರ್ಮನಿಯ ಹ್ಯಾನೋವರ್‌ನಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಇದು ಯಾರ ಹಾಡು ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ. ಇಂದಿನ ಅರ್ಜಿಯ ಕೆಲಸವೂ ಅದೇ. ಅರ್ಜಿಯಲ್ಲಿ ಬರೆಯದ ಹೆಸರು ಹಾಡಿನ ಜೊತೆ ಹೋಗುವುದಿಲ್ಲ. ನಮ್ಮ ಭಾಗದ ಎಷ್ಟೋ ಭಜನಾ ಕ್ಯಾಸೆಟ್ಟುಗಳ ಮೇಲೆ ಮುಖ್ಯ ಗಾಯಕರ ಫೋಟೊ, ಕಂಪನಿಯ ಹೆಸರು, ಕೆಳಗೆ "ಮತ್ತು ಸಂಗಡಿಗರು" ಎಂದಷ್ಟೇ ಇರುತ್ತಿತ್ತು. ಆ ಸಂಗಡಿಗರಲ್ಲಿ ತಬಲಾ ಬಾರಿಸಿದವರು ಯಾರೆಂದು ಈಗ ಅವರ ಮೊಮ್ಮಕ್ಕಳನ್ನು ಕೇಳಿ ತಿಳಿಯಬೇಕು. ನಾನು ತಾಳ ಹಾಕಿದವರ ಹೆಸರನ್ನೂ ಬಿಡದೆ ತುಂಬಿದ್ದೇನೆ. ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದರೂ ನಾಲ್ಕು ಬಗೆಯಾಗುತ್ತದೆ, ಹುಡುಕುವವರು ಐದನೆಯ ಬಗೆಯಲ್ಲಿ ಹುಡುಕುತ್ತಾರೆ. ಆಧಾರ್ ಕಾರ್ಡಿನಲ್ಲಿ ಇರುವಂತೆ ಬರೆಯುವುದೆಂದು ಒಂದು ನಿಯಮ ಮಾಡಿಕೊಂಡು ಅದನ್ನು ಮುಗಿಸಿದೆ.

ಸಾಹಿತ್ಯದ ಹಕ್ಕು ತಕ್ಕಮಟ್ಟಿಗೆ ಸರಳ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿಯ ಜೀವಮಾನದಲ್ಲಿ ಪ್ರಕಟವಾದ ಕೃತಿಗೆ ಅವರ ನಿಧನದ ನಂತರ 60 ವರ್ಷ ಹಕ್ಕು ಇರುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ; ವಚನಗಳು ಎಂಟು ಶತಮಾನಕ್ಕೂ ಹಿಂದಿನವು. ಬೇಂದ್ರೆಯವರ ಕವಿತೆಯೊಂದನ್ನು ಸೇರಿಸಬೇಕೆಂಬ ಆಸೆ ಮೇಳದಲ್ಲಿ ಕೆಲವರಿಗಿತ್ತು. ಧಾರವಾಡದವರಿಗೆ ಬೇಂದ್ರೆ ಎಂದರೆ ಕೇಳದೆಯೇ ಎತ್ತಿಕೊಂಡು ಹಾಡುವಷ್ಟು ಸಲಿಗೆ. ಆದರೆ ಅವರು ತೀರಿಕೊಂಡದ್ದು 1981ರಲ್ಲಿ, ಅವರ ಕಾವ್ಯದ ಹಕ್ಕು 2041ರ ಕೊನೆಯವರೆಗೆ ಇದೆ. ಮೊದಲೇ ಧ್ವನಿಮುದ್ರಣವಾದ ಹಾಡನ್ನು ಬೇರೆಯವರು ಹಾಡಲು ಕಾಯ್ದೆಯಲ್ಲಿ ದಾರಿ ಇದೆ. ಆದರೆ ಮೊದಲ ಮುದ್ರಣದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚಿತವಾಗಿ ತಿಳಿಸಬೇಕು, ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ಗೌರವಧನ ಕಟ್ಟಬೇಕು. ನನ್ನ ಆಲ್ಬಮ್ಮಿನ ಒಟ್ಟು ಖರ್ಚಿನ ಎದುರು ಇದು ಹೊಂದದ ಮಾತು. ಆ ಆಸೆಯನ್ನು ಕಾರ್ಯಕ್ರಮದ ವೇದಿಕೆಗೆ ಕಾಯ್ದಿರಿಸಿದೆವು.

ಧಾಟಿಯ ಹಕ್ಕು ಹೀಗೆ ಸರಳವಲ್ಲ. ಶರೀಫರ ಪದ ಎಲ್ಲರದು ಎಂದರೆ ಆ ಪದಕ್ಕೆ ನಂತರದವರು ಹಾಕಿದ ರಾಗಸಂಯೋಜನೆಯೂ ಎಲ್ಲರದು ಎಂದು ಆಗುವುದಿಲ್ಲ. ಬೆಂಗಳೂರು, ಮೈಸೂರು ಕಡೆಯವರು ಶರೀಫರನ್ನು ಹೆಚ್ಚಾಗಿ ಬಲ್ಲದ್ದು ಸಿ. ಅಶ್ವತ್ಥ್ ಅವರ ಸಂಯೋಜನೆಗಳ ಮೂಲಕ. ಅವರು ನಿಧನರಾದದ್ದು 2009ರಲ್ಲಿ, ಆ ಸಂಯೋಜನೆಗಳ ಹಕ್ಕು ಇನ್ನೂ ಬಹುಕಾಲ ಇರುತ್ತದೆ. ನಮ್ಮ ಮೇಳದ ಧಾಟಿ ಬೇರೆ. ಅದು ಕಾಕಾ ಅವರ ಗುರುವಿನ ಗುರುವಿನ ಕಾಲದಿಂದಲೂ ಊರಿನಲ್ಲಿ ನಡೆದು ಬಂದದ್ದು. ಆದರೂ ದಿನಾ ರೇಡಿಯೋ, ಕ್ಯಾಸೆಟ್ ಕೇಳಿದ ಕಿವಿಗಳು ತಿಳಿಯದೆಯೇ ಒಂದೆರಡು ತಿರುವುಗಳನ್ನು ಅಲ್ಲಿಂದ ಎತ್ತಿಕೊಂಡಿರುತ್ತವೆ. ಒಂದು ಪದದ ಎರಡನೆಯ ನುಡಿಯಲ್ಲಿ ಅಂಥ ತಿರುವು ಕೇಳಿಸಿತು. ಕಾಕಾ ಅದನ್ನು ಒಪ್ಪಿ, ತಮ್ಮ ಹಿರಿಯರು ಹಾಡುತ್ತಿದ್ದ ಬಗೆಯನ್ನು ನೆನಪಿಸಿಕೊಂಡು ಹಾಗೆಯೇ ಹಾಡಿದರು. ಹಳೆಯದು ಕೇಳಲು ಒರಟಾದರೂ ಮಾತಿಗೆ ಹೆಚ್ಚು ಹೊಂದುತ್ತದೆ.

ಸಂಗೀತ ಸಂಯೋಜನೆ ಎಂಬ ಕಡೆ ಆ ನಾಲ್ಕು ಪದಗಳಿಗೆ "ಸಾಂಪ್ರದಾಯಿಕ" ಎಂದು ಬರೆದಿದ್ದೇನೆ. ಅಲ್ಲಿ ನನ್ನ ಹೆಸರು ಹಾಕಿದರೆ ತಡೆಯುವವರು ಯಾರೂ ಇರಲಿಲ್ಲ. ಹಾಗೆ ಹಾಕಿಕೊಂಡವರು ಬೇಕಾದಷ್ಟು ಜನರಿದ್ದಾರೆ. ನಾಳೆ ಪಕ್ಕದ ಊರಿನ ಮೇಳದವರು ಅದೇ ಧಾಟಿಯಲ್ಲಿ ಹಾಡಿ ಯೂಟ್ಯೂಬಿಗೆ ಹಾಕಿದರೆ, ಅದು ನನ್ನ ಸಂಯೋಜನೆ ಎಂದು ಯಂತ್ರ ಅವರಿಗೆ ನೋಟಿಸು ಕಳಿಸಬಾರದು ಎಂಬುದು ನನ್ನ ನಿಲುವು. ಎರಡು ಸ್ವಂತ ಪದಗಳನ್ನು ಮಾತ್ರ 1969ರಿಂದ ಇರುವ ಐಪಿಆರ್‌ಎಸ್ ಎಂಬ ಸಂಗೀತ ಹಕ್ಕುಗಳ ಸಂಸ್ಥೆಯಲ್ಲಿ ನನ್ನ ಹೆಸರಿನಲ್ಲಿ ನೋಂದಾಯಿಸಲು ಅರ್ಜಿ ಹಾಕಿದ್ದೇನೆ.

ಧ್ವನಿಮುದ್ರಣದ ಹಕ್ಕು ಇದಕ್ಕಿಂತ ಬೇರೆ. ಕಾಯ್ದೆಯ ದೃಷ್ಟಿಯಲ್ಲಿ ಧ್ವನಿಮುದ್ರಣದ ಕರ್ತೃ ಎಂದರೆ ಅದರ ನಿರ್ಮಾಪಕ, ಹಾಡಿದವರಲ್ಲ. ಪ್ರಕಟವಾದ ಮೇಲೆ 60 ವರ್ಷ ಆ ಹಕ್ಕು ಅವರದೇ. ಸ್ವಂತ ನಿರ್ಮಾಣವೆಂದರೆ ಇಲ್ಲಿ ನಾನೇ ಆ ಕಂಪನಿ. ಆದ್ದರಿಂದ ಮೇಳದವರೊಂದಿಗೆ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳುವುದು ನನ್ನ ಹೊಣೆಯೆಂದುಕೊಂಡೆ: ಮುದ್ರಣಕ್ಕೆ ಕುಳಿತದ್ದಕ್ಕೆ ಒಂದು ಮೊತ್ತ, ಮುಂದೆ ಬರುವ ಹಣದಲ್ಲಿ ಸಮಪಾಲು, ಲೆಕ್ಕ ವರ್ಷಕ್ಕೊಮ್ಮೆ ದೀಪಾವಳಿಗೆ. ಕಾಗದ ಓದಿ ಹೇಳಿದಾಗ ಕಾಕಾ ನಕ್ಕುಬಿಟ್ಟರು. "ಭಜನಿಗೂ ಕರಾರ ಪತ್ರ ಬಂತೇನ ಯವ್ವಾ? ರೊಕ್ಕದ ಮಾತು ಇರ್ಲಿ, ನಮ್ಮ ಊರ ಹೆಸರು ಹಾಕಿ ಇಲ್ಲೋ?" ಅರ್ಜಿಯಲ್ಲಿ ಊರಿಗೆಂದು ಜಾಗವಿಲ್ಲ. ಊರಿನ ಹೆಸರಿನಿಂದಲೇ ಆರಂಭವಾಗುವ ಮೇಳದ ಹೆಸರನ್ನು ಕಲಾವಿದರ ಸಾಲಿನಲ್ಲಿ ನನ್ನ ಹೆಸರಿಗಿಂತ ಮೊದಲು ಬರೆದು ತೋರಿಸಿದ ಮೇಲೆ ಸಹಿಗಳಾದವು. ತಬಲಾದವರು ಹೆಬ್ಬೆಟ್ಟು ಒತ್ತಿದರು.

ವಿತರಣೆಯ ವ್ಯವಹಾರವನ್ನು ಬೇಗ ಹೇಳಿಬಿಡುತ್ತೇನೆ. ಸ್ಪಾಟಿಫೈ, ಆಪಲ್ ಮ್ಯೂಸಿಕ್, ಜಿಯೋಸಾವನ್ ಮೊದಲಾದವುಗಳಿಗೆ ನಾವೇ ನೇರವಾಗಿ ಹಾಡು ಕೊಡಲಾಗದು, ನಡುವೆ ವಿತರಕರು ಬೇಕು. ಕೆಲವರು ವರ್ಷಕ್ಕಿಷ್ಟು ಎಂದು ಶುಲ್ಕ ಪಡೆದು ಬಂದ ಹಣವನ್ನೆಲ್ಲ ಕೊಡುತ್ತಾರೆ, ಕೆಲವರು ಒಂದೇ ಸಲ ಶುಲ್ಕ ಪಡೆದು ಮುಂದೆ ಬರುವುದರಲ್ಲಿ ಪಾಲು ಹಿಡಿಯುತ್ತಾರೆ. ವಾರ್ಷಿಕ ಶುಲ್ಕದ ಕಡೆ, ಒಂದು ವರ್ಷ ಕಟ್ಟದಿದ್ದರೆ ಹಾಡುಗಳು ಮಾಯವಾಗುವ ಸಂಭವವಿದೆ. ಮೇಳದ ಹಿರಿಯರ ದನಿ ನನ್ನ ಬ್ಯಾಂಕ್ ಖಾತೆಯ ಮೇಲೆ ಅವಲಂಬಿಸಿರಬಾರದೆಂದು ನಾನು ಎರಡನೆಯ ಬಗೆಯನ್ನು ಆರಿಸಿದೆ. ಪ್ರತಿ ಮುದ್ರಣಕ್ಕೂ 12 ಅಕ್ಷರಗಳ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆಯನ್ನು ಅವರೇ ಕೊಡುತ್ತಾರೆ. ಅದನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಂಡರೆ ಮುಂದೆ ವಿತರಕರನ್ನು ಬದಲಿಸಿದರೂ ಹಾಡಿನ ಹಳೆಯ ಎಣಿಕೆ ಜೊತೆಗೇ ಬರುತ್ತದೆ. ವಿತರಕರು ಅಮೆರಿಕದವರಾದ್ದರಿಂದ ಡಬ್ಲ್ಯು-8ಬೆನ್ ಎಂಬ ತೆರಿಗೆ ಅರ್ಜಿ ತುಂಬಬೇಕಾಯಿತು; ತುಂಬದಿದ್ದರೆ ಅಲ್ಲಿನ ಕೇಳುಗರಿಂದ ಬರುವ ಹಣದಲ್ಲಿ ಶೇಕಡ 30ರಷ್ಟು ಕಡಿತ, ತುಂಬಿದರೆ ಎರಡು ದೇಶಗಳ ಒಪ್ಪಂದದಂತೆ ಶೇಕಡ 15.

ಮುಖಪುಟದ ಚಿತ್ರ 3,000 ಪಿಕ್ಸೆಲ್ ಉದ್ದ, ಅಷ್ಟೇ ಅಗಲ ಇರಬೇಕು. ಆದರೆ ನೋಡುವವರು ನೋಡುವುದು ಹೆಬ್ಬೆರಳಿನ ಉಗುರಿನಷ್ಟು ಗಾತ್ರದಲ್ಲಿ. ಆ ಗಾತ್ರಕ್ಕೆ ಇಳಿಸಿದಾಗ ಕನ್ನಡದ ಒತ್ತಕ್ಷರಗಳು ಕೆಳಗಿನ ಅಂಚಿಗೆ ಅಂಟಿ ಮಸಿಯ ಚುಕ್ಕೆಗಳಾಗುತ್ತವೆ. ಗೆಳತಿ ಕೈಬರಹದಲ್ಲಿ ಒತ್ತುಗಳನ್ನು ದೊಡ್ಡದಾಗಿ, ತುಸು ಬದಿಗೆ ಸರಿಸಿ ಬರೆದುಕೊಟ್ಟಳು, ಈಗ ಓದಲು ಬರುತ್ತದೆ. ಹಿನ್ನೆಲೆಯಲ್ಲಿ ಆ ಮಾಳಿಗೆ ಮನೆಯ ಜಂತಿಗಳಿವೆ.

ಬಿಡುಗಡೆಗೆ ಶುಕ್ರವಾರ ಆರಿಸಿದ್ದು 2015ರಿಂದ ಜಗತ್ತಿನೆಲ್ಲೆಡೆ ನಡೆದುಬಂದ ವಾಡಿಕೆಯಂತೆ. ಶ್ರಾವಣ ಆರಿಸಿದ್ದು ನಮ್ಮ ವಾಡಿಕೆಯಂತೆ. ಆ ತಿಂಗಳು ಊರೂರಿನ ಗುಡಿಗಳಲ್ಲಿ ಭಜನೆ ನಡೆಯುತ್ತದೆ, ಜನರ ಕಿವಿ ಇಂಥ ಹಾಡಿಗೆ ತೆರೆದಿರುತ್ತದೆ. ಎರಡನೆಯ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ ಬರುವ ಸಾಧ್ಯತೆ ಇರುವುದರಿಂದ ಮೊದಲನೆಯದನ್ನೇ ಹಿಡಿದೆ. ಸ್ಪಾಟಿಫೈ ಸಂಪಾದಕರ ಗಮನಕ್ಕೆ ಆಲ್ಬಮ್ಮಿನ ಒಂದು ಹಾಡನ್ನು ಮಾತ್ರ ಕಳಿಸಬಹುದು. ಕನಿಷ್ಠ 7 ದಿನ ಮೊದಲು ಕಳಿಸಿದರೆ ನಮ್ಮನ್ನು ಹಿಂಬಾಲಿಸುವವರ ಹೊಸ ಹಾಡಿನ ಪಟ್ಟಿಗೂ ಅದೇ ಹೋಗುತ್ತದೆ. ಕಳಿಸಲು ಆರಿಸಿಕೊಂಡದ್ದು 11 ನಿಮಿಷದ ಪದ. ಅದನ್ನು ಅವರು ತಮ್ಮ ಪಟ್ಟಿಗೆ ಸೇರಿಸುವ ಭರವಸೆ ನನಗಿಲ್ಲ, ಆದರೆ ಆಲ್ಬಮ್ ಏನೆಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವ ಹಾಡು ಬೇರೆ ಇಲ್ಲ.

ಊರಿನಲ್ಲಿ ಈ ಯಾವ ವೇದಿಕೆಯೂ ಹೆಚ್ಚು ನಡೆಯುವುದಿಲ್ಲ. ಅಲ್ಲಿ ಹಾಡು ಹರಡುವುದು ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಯಿಂದ. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಪೆನ್‌ಡ್ರೈವಿಗೋ ಮೆಮೊರಿ ಕಾರ್ಡಿಗೋ ಭಜನಾ ಪದ ತುಂಬಿ ಕೊಡುತ್ತಾರೆ. ಅದನ್ನು ಕಳ್ಳ ಪ್ರತಿ ಎಂದು ಬೈಯುವುದು ನಗರದ ಅಭ್ಯಾಸ. ಬಿಡುಗಡೆಯ ದಿನ ಎಂಟೂ ಹಾಡುಗಳ ಎಂಪಿ3 ಫೈಲುಗಳನ್ನು ಕುಂದಗೋಳ, ಸಂಶಿ, ಶಿಗ್ಗಾಂವಿಯ ಅಂಥ ಅಂಗಡಿಗಳಿಗೆ ನಾನೇ ಹೋಗಿ ಪುಕ್ಕಟೆ ಕೊಟ್ಟು ಬರುವವಳಿದ್ದೇನೆ. ಅಲ್ಲಿ ಎಷ್ಟು ಜನ ಕೇಳಿದರೆಂದು ಯಾವ ಪರದೆಯೂ ತೋರಿಸುವುದಿಲ್ಲ, ಹಣವೂ ಬರುವುದಿಲ್ಲ. ಫೈಲುಗಳ ಒಳಗಿನ ಮಾಹಿತಿಯಲ್ಲಿ ಮೇಳದ ಎಲ್ಲರ ಹೆಸರೂ ಇದೆ, ಆದರೆ ಅಂಗಡಿಯವರು ಫೈಲಿನ ಹೆಸರನ್ನು ಬದಲಿಸುತ್ತಾರೆ ಎಂಬುದು ಗೊತ್ತಿರುವುದರಿಂದ ಪ್ರತಿ ಹಾಡಿನ ಕೊನೆಗೆ, ಎರಡು ಸೆಕೆಂಡಿನ ಬಿಡುವಿನ ನಂತರ, ಊರು ಮತ್ತು ಮೇಳದ ಹೆಸರನ್ನು ಕಾಕಾ ಅವರ ದನಿಯಲ್ಲಿ ಹೇಳಿಸಿ ಸೇರಿಸಿದ ಬೇರೊಂದು ಪ್ರತಿಯನ್ನು ಈ ಅಂಗಡಿಗಳಿಗೆಂದೇ ಸಿದ್ಧ ಮಾಡುತ್ತಿದ್ದೇನೆ. ಐದು ಹಾಡುಗಳದು ಮುಗಿದಿದೆ, ಮೂರು ಬಾಕಿ.